ಊದಿದ ಮುಖಕ್ಕೆ ಎಳನೀರು

ಹೆಬ್ಬಾಳದ ಫ್ಲೈಓವರ್ ಪಕ್ಕದಲ್ಲಿ ವರ್ಷಗಟ್ಟಲೆ ಎಳನೀರು ಮಾರಿದವಳು ನಾನು. ಅದರಲ್ಲೇ ಉಳಿಸಿ ಬಾಗಲೂರಿನಲ್ಲಿ ಸಾಲಾಗಿ ಆರು ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಮನೆಯ ಜೊತೆ ನನ್ನ ಬುದ್ಧಿಮಾತು ಪುಕ್ಕಟೆ.

ಆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಸಾಲಿನ ಮಕ್ಕಳಿಗೆಲ್ಲ ಕಾಲಿನ ಮೇಲೆ ಕಜ್ಜಿ. ಕೆರೆದು ಕೀವಾಗಿ, ಒಣಗಿ ಹಕ್ಕಳೆ ಕಟ್ಟಿತು. ಹುಣ್ಣು ಮಾಯ್ದು ಕೆಲವು ವಾರಕ್ಕೆ, ಮೂರನೇ ಮನೆಯ ಗಾರೆ ಕೆಲಸದವಳ ಏಳು ವರ್ಷದ ಮಗಳಿಗೆ ಬೆಳಗ್ಗೆ ಕಣ್ಣು ಬಿಡಲಾಗದಷ್ಟು ಮುಖ ಊದತೊಡಗಿತು.

"ಅಕ್ಕಾ, ಉಚ್ಚೆ ಡಿಕಾಕ್ಷನ್ ಇದ್ದಂಗೆ ಬತ್ತೈತೆ," ಎಂದಳು ತಾಯಿ.

"ಉಷ್ಣ ಕಣೇ. ಇಂಗೆ ಬಿಸಿಲಲ್ಲಿ ಕುಣಿದ್ರೆ ಇನ್ನೇನಾಯ್ತದೆ? ದಿನಕ್ಕೆ ಮೂರು ಎಳನೀರು, ಮೇಲೆ ಬಾರ್ಲಿ ನೀರು. ಎಳನೀರು ನಾನೇ ಕಳಿಸ್ತೀನಿ."

ಎರಡು ದಿನ ಕಳಿಸಿದೆ. ಮೂರನೆಯ ದಿನ ಮಗು ತಲೆನೋವೆಂದು ಅತ್ತು, ಫಿಟ್ಸ್ ಬಂದು ಬಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

"ಯಾರಮ್ಮ ಇಷ್ಟು ನೀರು ಕುಡಿಸಿದ್ದು?" ಎಂದರು ಡಾಕ್ಟರಮ್ಮ.

"ನಾನೇ ಮೇಡಂ."

ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. ಕಜ್ಜಿಯ ಹುಣ್ಣಿಗೆ ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿ ಸೇರಿತ್ತಂತೆ. ಹುಣ್ಣು ಮಾಯ್ದು ವಾರಗಳಾದ ಮೇಲೆ ಅದರ ಏಟು ಕಿಡ್ನಿಗೆ ಬೀಳುತ್ತದೆ. ಒಳಗಿನ ನೀರೇ ಹೊರಗೆ ಹೋಗದೆ ಮುಖ ಊದಿದ್ದರೆ, ನಾನು ಇನ್ನಷ್ಟು ತುಂಬಿಸಿದ್ದೆ. ಬಿಪಿ ಏರಿ ಫಿಟ್ಸ್ ಬಂದಿತ್ತು. ಮಗುವನ್ನು ವಾರ್ಡಿಗೆ ಸೇರಿಸಿಕೊಂಡರು.

ನಮ್ಮ ಕಡೆಯಿಂದ ಇಂಥ ಮಕ್ಕಳು ಇನ್ನೂ ಕೆಲವರು ಆಸ್ಪತ್ರೆಗೆ ಬಂದಿದ್ದರಿಂದ ಡಾಕ್ಟರಮ್ಮನೇ ಸಂಶೋಧನೆಗೆಂದು ಸಾಲಿಗೆ ಬಂದರು. ಎಲ್ಲ ಮಕ್ಕಳ ಮೂತ್ರ, ರಕ್ತ ಬೇಕು. ಒಂದು ಬಾಗಿಲೂ ತೆರೆಯಲಿಲ್ಲ. ರಕ್ತ ಒಯ್ದು ಮಾರುತ್ತಾರೆಂಬ ಗುಮಾನಿ. ನನ್ನ ಚಿಂತೆ ಆ ಹುಡುಗಿಯ ತಂಗಿಯದು. ನಾಲ್ಕು ವರ್ಷದ್ದು, ಅದೇ ಕಜ್ಜಿ ಅದಕ್ಕೂ ಆಗಿತ್ತು.

ವ್ಯಾಪಾರ ನನಗೆ ಹೇಳಿಕೊಡಬೇಕೆ?

"ಮೇಡಂ, ಹತ್ತು ಗಂಟೆಗೆ ಬಂದ್ರೆ ಎಲ್ಲ ಕೆಲಸಕ್ಕೆ ಹೋಗಿರ್ತಾರೆ. ಆರೂವರೆಗೆ ಬನ್ನಿ. ಮೊದಲು ಉಚ್ಚೆ ಮಾತ್ರ. ರಿಪೋರ್ಟು ನಿಮ್ಮ ಕಂಪ್ಯೂಟರ್‌ಗೆ ಹೋಗೋಕ್ ಮುಂಚೆ ತಾಯಿಗೆ ಹೇಳ್ಬೇಕು."

"ರಿಸರ್ಚ್‌ಗೆ ಒಂದು ನಿಯಮ ಇರುತ್ತಮ್ಮಾ."

"ಈ ಬಾಗಿಲುಗಳಿಗೂ ಒಂದೈತೆ ಮೇಡಂ."

ನಕ್ಕುಬಿಟ್ಟರು. ಮೂತ್ರದಲ್ಲಿ ಅದ್ದುವ ಕಡ್ಡಿಯ ಬಣ್ಣವನ್ನು ಅಲ್ಲೇ ತೋರಿಸುವುದು, ರಕ್ತ ತೆಗೆಯುವುದು ತಾಯಿ ಒಪ್ಪಿದರಷ್ಟೇ ಎಂದು ವ್ಯಾಪಾರ ಕುದುರಿತು.

ಮರುದಿನ ಆರೂವರೆಗೆ ಡಾಕ್ಟರಮ್ಮ ಬಂದಾಗ ನಾನು ಸಾಲಿನ ಮಧ್ಯೆ ನಿಂತು, "ಆ ಮಗೂಗೆ ತಪ್ಪು ಹೇಳಿದ್ದು ನಾನು," ಎಂದೆ.

ಐದನೇ ಮನೆಯ ಮುದುಕಿ ಬಿಡುತ್ತಾಳೆಯೇ? "ಅವತ್ತು ಎಳನೀರು, ಇವತ್ತು ಉಚ್ಚೆ ಡಬ್ಬಿ. ನಾಳೆ ಇನ್ಯಾವ ವ್ಯಾಪಾರನೇ ನಿಂದು?"

"ನನ್ನ ನಂಬಬೇಡಜ್ಜಿ, ಕಡ್ಡಿ ನೋಡು."

ಮೊದಲು ಚಿಕ್ಕವಳ ಡಬ್ಬಿ ತಂದವಳು ಮೂರನೇ ಮನೆಯ ತಾಯಿ. "ಇವಳಿಗೇನಾಗೈತೆ, ಉಚ್ಚೆ ತಿಳಿಯಾಗೈತೆ," ಎನ್ನುತ್ತಲೇ ಕೊಟ್ಟಳು. ಕಡ್ಡಿಯ ಹಳದಿ ಚೌಕ ನೋಡನೋಡುತ್ತ ಹಸಿರಾಯಿತು. ಕಣ್ಣಿಗೆ ಕಾಣದ ರಕ್ತ ಅದರಲ್ಲಿತ್ತು. ಬಿಪಿ ಆಗಲೇ ಏರತೊಡಗಿತ್ತು. ತಾಯಿ ಮಗುವನ್ನು ಕಂಕುಳಿಗೆ ಹಾಕಿಕೊಂಡು ಡಾಕ್ಟರಮ್ಮನ ಜೀಪು ಹತ್ತಿದಳು. ಮುದುಕಿಯೇ ಮೊಮ್ಮಗಳ ಕೈ ಹಿಡಿದು ಮುಂದೆ ಬಂದಳು.

ಮಕ್ಕಳ ಹುಣ್ಣು ಮಾಯಿತೆಂದು ಮೈಮರೆಯಬೇಡಿ. ಇನ್ನೂ ಕೆಲವು ವಾರ ಬೆಳಗಿನ ಮುಖ ನೋಡಿ, ಮೂತ್ರದ ಬಣ್ಣ ನೋಡಿ. ಊದಿದ್ದರೆ ಅಕ್ಕಪಕ್ಕದವರನ್ನು ಕೇಳುತ್ತ ಕೂರದೆ ಡಾಕ್ಟರ ಹತ್ತಿರ ಓಡಿ.

ಚಿಕ್ಕವಳಿಗೆ ಫಿಟ್ಸ್ ಬರಲೇ ಇಲ್ಲ. ವಾರದ ಕೊನೆಗೆ ನಾನು ಆಸ್ಪತ್ರೆಗೆ ಹೋದಾಗ ಅಕ್ಕತಂಗಿ ಒಂದೇ ಮಂಚದ ಮೇಲೆ ಕೂತಿದ್ದರು. ತಂಗಿ ನೀರಿಗೆ ಕೈಚಾಚಿದರೆ, ಊತ ಇಳಿದ ಅಕ್ಕ, ಡಾಕ್ಟರಮ್ಮ ಅಳತೆಗೆಂದು ಲೋಟಕ್ಕೆ ಎಳೆದ ಗೆರೆಯ ಮೇಲೆ ಬೆರಳಿಟ್ಟು ಗದರುತ್ತಿದ್ದಳು: "ಇಲ್ಲೀಗಂಟ ಅಷ್ಟೇ ಕಣೇ. ಇನ್ನು ಸಾಯಂಕಾಲಕ್ಕೆ."