ಈರಪ್ಪನ ಜಪಾನಿ, ತುಳಸವ್ವನ ತವರು

ನನ್ನ ತಂಗಿಯ ಮಗಳು ಹೋದ ತಿಂಗಳು ಹೊಸ ಕಾರು ತಂದಳು. ಜಪಾನಿನ ಕಂಪನಿಯದು. ಬಾಗಿಲು ತೆರೆದರೆ ಹೊಸ ರಬ್ಬರು, ಹೊಸ ಬಟ್ಟೆ ಎರಡೂ ಬೆರೆತ ಒಂದು ವಾಸನೆ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಆಕೆ ಇನ್ನೂ ತೆಗೆದಿಲ್ಲ. ಹಾಗಾಗಿ ನಾನು ಮಗ್ಗುಲು ಬದಲಿಸಿದಾಗಲೆಲ್ಲ ಊರಿಗೆ ಕೇಳುವಂತೆ ಸದ್ದಾಗುತ್ತದೆ. ಮೊದಲ ಸಲ ಅದರಲ್ಲಿ ಹೊರಟ ದಿನ ಆಕೆಯ ಫೋನು ಬಡಿದುಕೊಂಡಿತು. ಆಕೆ ಓಡಿಸುತ್ತಿದ್ದಳಲ್ಲ, ನಾನೇ ಎತ್ತಿದೆ. ಕಾರು ಮಾರಿದವರ ಕಡೆಯ ಹುಡುಗಿಯೊಬ್ಬಳು, ಗಾಡಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಬದುಕೆಲ್ಲ ಅಂಕ ಕೊಟ್ಟೇ ಅನ್ನ ತಿಂದವಳು ನಾನು, ಆದರೂ ತಡವರಿಸಿದೆ. ಮನೆಯವರೆಲ್ಲ ಏನನ್ನುತ್ತಾರೆ ಎಂದು ಆಕೆ ಮತ್ತೆ ಕೇಳಿದಾಗ, ಆಮೇಲೆ ಹೇಳುತ್ತೇನವ್ವ ಎಂದು ಇಟ್ಟುಬಿಟ್ಟೆ. ಆ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಓದಿದ್ದೆ. ಇಂಗ್ಲಿಷಿನಲ್ಲಿ, ಬೈಲಹೊಂಗಲದ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು.

ಅದು ಎಪ್ಪತ್ತರ ದಶಕ. ನಾನು ಧಾರವಾಡದಿಂದ ಬೈಲಹೊಂಗಲದ ಹೆಣ್ಣುಮಕ್ಕಳ ಸಾಲೆಗೆ ಇಂಗ್ಲಿಷ್ ಕಲಿಸಲು ಹೋದ ಹೊಸತು. ನನ್ನ ಇಂಗ್ಲಿಷು ವ್ಯಾಕರಣದ ಇಂಗ್ಲಿಷು; ಬರೆಯಲು ಬರುತ್ತಿತ್ತು, ಮಾತಾಡಬೇಕಾದರೆ ಕೆಮ್ಮು ಬರುತ್ತಿತ್ತು. ಆದರೆ ಊರಿಗೆ ಅದು ಹೇಗೆ ತಿಳಿಯಬೇಕು? ಅರ್ಜಿ, ಔಷಧಿಯ ಚೀಟಿ, ತಂತಿ, ಎಲ್ಲವೂ ನನ್ನ ಕೋಣೆಗೆ ಬರುತ್ತಿದ್ದವು. ನಾನೂ ದೊಡ್ಡ ಪಂಡಿತೆಯಂತೆ ಕನ್ನಡಕ ಏರಿಸಿ ಓದುತ್ತಿದ್ದೆ.

ನನ್ನ ಕೋಣೆಯ ಪಕ್ಕದ ಮನೆ ಈರಪ್ಪನದು. ಗಂಡ, ಹೆಂಡತಿ ಇಬ್ಬರೇ. ಎರಡೂ ಮನೆಗಳಿಗೆ ಒಂದೇ ಕಟ್ಟೆ, ಕಟ್ಟೆಯ ಮುಂದೆ ಬೇವಿನ ಗಿಡ, ಗಿಡದ ಕೆಳಗೆ ಮಜ್ಜಿಗೆ ಬಣ್ಣದ ಒಂದು ಕಾರು. ಈರಪ್ಪ ಎಂಟು ವರ್ಷ ಮುಂಬೈಯಲ್ಲಿ ಒಬ್ಬ ಪರದೇಶಿ ಸಾಹೇಬನ ಡ್ರೈವರ್ ಆಗಿದ್ದ. ಸಾಹೇಬ ದೇಶ ಬಿಟ್ಟ ಮೇಲೆ ಆ ಕಾರು ಒಂದೆರಡು ಕೈ ಬದಲಾಗಿ, ಯಾವ ಯಾವ ಕಚೇರಿಯ ಕಾಗದವೋ ಮುಗಿದು ಕೊನೆಗೆ ಇವನ ಪಾಲಿಗೆ ಬಂದಿತ್ತು. ಕಂಪನಿಯ ಹೆಸರು ನಾನು ಹೇಳಬೇಕಾಗಿಲ್ಲ. ಈಗ ಆ ಹೆಸರಿನ ಗಾಡಿಗಳು ಓಣಿಗೊಂದು ಇವೆ. ಆಗ ನಮ್ಮ ಊರಲ್ಲಿ ‘ಜಪಾನಿ’ ಎಂದರೆ ಸಾಕಿತ್ತು. ಕಿತ್ತೂರಿನ ಮದುವೆ ದಿಬ್ಬಣಕ್ಕೆ ಜಪಾನಿ, ಬಾಣಂತಿಯನ್ನು ದವಾಖಾನೆಯಿಂದ ತರಲು ಜಪಾನಿ, ಯರಗಟ್ಟಿಯ ವ್ಯಾಪಾರಿಗೆ ಬಸ್ಸು ತಪ್ಪಿದರೆ ಜಪಾನಿ. ಅದರಲ್ಲಿ ಬಿಸಿಗಾಳಿ ಬರುವ ಗುಂಡಿಯೊಂದಿತ್ತು. ಏಪ್ರಿಲ್ ತಿಂಗಳ ಬೈಲಹೊಂಗಲದಲ್ಲಿ ಬಿಸಿಗಾಳಿಗೆ ಗುಂಡಿ ಯಾಕೆ ಬೇಕು ಎಂದು ನಾನು ನಕ್ಕಿದ್ದಕ್ಕೆ ಈರಪ್ಪ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅಷ್ಟು ಪ್ರೀತಿ ಅವನಿಗೆ. ಮುಂಜಾನೆ ಎದ್ದು ಮೊದಲು ಅದರ ಮೈ ಒರೆಸುವುದು, ಆಮೇಲೆ ತನ್ನ ಮುಖ ತೊಳೆಯುವುದು. ಹಿಂಬದಿಯ ಕೆಂಪು ದೀಪದ ಗಾಜು ಒಡೆದಾಗ ಮುಂಬೈ, ಪುಣೆ ಎಲ್ಲ ಕಡೆ ಕೇಳಿಸಿದ, ಸಿಗಲಿಲ್ಲ. ಕೊನೆಗೆ ಹೆಂಡತಿಯ ಕೆಂಪು ಪ್ಲಾಸ್ಟಿಕ್ ಸಾಬೂನು ಡಬ್ಬಿಯನ್ನು ಕತ್ತರಿಸಿ ಅಂಟಿಸಿದ. ದೂರದಿಂದ ಗೊತ್ತಾಗುತ್ತಿರಲಿಲ್ಲ. ಆದರೆ ಅವನಿಗೆ ಗೊತ್ತಾಗುತ್ತಿತ್ತಲ್ಲ. ಒಂದು ರವಿವಾರ ಬಂದು, ಜಪಾನಿನ ಕಂಪನಿಗೇ ಒಂದು ಪತ್ರ ಬರೆದುಕೊಡಿ ಎಂದ. ‘ತಮ್ಮ ಪಾದಾರವಿಂದಗಳಲ್ಲಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ವಿನಯ ಸಿಗುತ್ತದೋ ಅಷ್ಟನ್ನೂ ಸುರಿದು ನಾನು ಬರೆದೆ.

ಮೂರು ತಿಂಗಳ ಮೇಲೆ ಉತ್ತರ ಬಂತು. ಅಂಚೆಯವನು ಅದನ್ನು ಓಣಿಗೆಲ್ಲ ತೋರಿಸಿಯೇ ತಂದುಕೊಟ್ಟ. ಗಾಜು ಕಳಿಸುವುದು ಸಾಧ್ಯವಿಲ್ಲವೆಂದು ಮರ್ಯಾದೆಯ ನಾಲ್ಕು ಸಾಲು; ಜೊತೆಗೆ ಕಂಪನಿಯ ಕಥೆ ಹೇಳುವ ಚಿತ್ರಗಳ ತೆಳ್ಳನೆಯ ಪುಸ್ತಕ; ಮತ್ತು ಗಾಡಿಯ ಮಾಲೀಕರ ಅಭಿಪ್ರಾಯ ಕೇಳುವ ಒಂದು ಅಚ್ಚಿನ ಹಾಳೆ.

ಗಾಜು ಬಾರದ ಬೇಸರ ಈರಪ್ಪನಿಗೆ ಒಂದು ಗಳಿಗೆಯೂ ಉಳಿಯಲಿಲ್ಲ. ಜಪಾನಿನವರು ತನ್ನ ಅಭಿಪ್ರಾಯ ಕೇಳಿದ್ದಾರೆ! ಕಟ್ಟೆಯ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿದ. ಮೊದಲು ಪುಸ್ತಕ ಓದಿ ಹೇಳಿದೆ. ಆ ಮನೆತನದ ಹಿರಿಯ ಮೊದಲು ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. ತಾಯಿ ಮಗ್ಗದ ಮುಂದೆ ಪಡುವ ಕಷ್ಟ ನೋಡಿ ಹೊಸ ಹೊಸ ಮಗ್ಗ ಕಟ್ಟುತ್ತ ಹೋದ; ಒಂದು ಎಳೆ ಹರಿದರೆ ತಾನಾಗಿಯೇ ನಿಲ್ಲುವ ಮಗ್ಗವನ್ನೂ ಮಾಡಿದ. ಮೋಟಾರಿನ ಹುಚ್ಚು ಹಿಡಿದದ್ದು ಅವನ ಮಗನಿಗೆ. ಇಷ್ಟು ಹೇಳುವಾಗ, ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದ ಈರಪ್ಪನ ಹೆಂಡತಿ ತುಳಸವ್ವನ ಮೊರದ ಸದ್ದು ನಿಂತಿತು. ಮಗ್ಗ ಎಂದಿರೇನು ಎಂದು ಕೇಳಿದಳು. ಹೌದು ಎಂದೆ. ಆಕೆ ಗಂಡನ ಕಡೆ ನೋಡಿದಳು, ಅವನು ಗಾಡಿಯ ಕಡೆ ನೋಡಿದ.

ಆಮೇಲೆ ಹಾಳೆ ತುಂಬಲು ಕುಳಿತೆವು. ಪ್ರಯಾಣ ಸುಖಕರವೇ ಎಂಬ ಪ್ರಶ್ನೆಗೆ, ಯರಗಟ್ಟಿಯ ತನಕ ಕೂತವರಿಗೆ ನಿದ್ದೆ ಬರುತ್ತದೆ, ಅಲ್ಲಿಂದ ಮುಂದಿನದು ರಸ್ತೆಯ ತಪ್ಪು, ಗಾಡಿಯದಲ್ಲ ಎಂದು ಬರೆಸಿದ. ಸಾಮಾನ್ಯವಾಗಿ ಎಷ್ಟು ಜನ ಕೂರುತ್ತೀರಿ ಎಂದಿತ್ತು. ನಾನು ನಾಚಿಕೊಂಡು ಐದು ಎಂದು ಬರೆದೆ. ಕನ್ನಡ ಸಾಲೆಯ ನಾಲ್ಕನೆಯ ಇಯತ್ತೆ ಮುಗಿಸಿದ ಈರಪ್ಪನಿಗೆ ಇಂಗ್ಲಿಷ್ ಅಂಕಿ ಚೆನ್ನಾಗಿ ಬರುತ್ತಿತ್ತು.

“ಸುಳ್ಳ ಬರೀಬ್ಯಾಡ್ರಿ ಅಕ್ಕೋರ. ಹನ್ನೊಂದು ಅಂತ ಬರೀರಿ. ತಾವು ಎಂಥಾ ಗಾಡಿ ಮಾಡ್ಯಾರ ಅನ್ನೋದು ಅವರಿಗೂ ಗೊತ್ತಾಗಲಿ.”

ಹನ್ನೊಂದು ಎಂದು ತಿದ್ದಿದೆ. ಕೊನೆಯ ಪ್ರಶ್ನೆ, ನಿಮ್ಮ ಕುಟುಂಬದವರು ಈ ಗಾಡಿಯ ಬಗ್ಗೆ ಏನನ್ನುತ್ತಾರೆ? ಚಲೋ ಐತಿ ಅಂತ ಬರೆದುಬಿಡಿ ಎಂದು ಈರಪ್ಪ ಅವಸರ ಮಾಡಿದ. ಹೊಸ್ತಿಲಿಂದ ತುಳಸವ್ವ ಮೆಲ್ಲಗೆ ಹೇಳಿದಳು:

“ಹ್ಯಾಂಗ ಬರೀತೀರಿ? ನಾ ಅದರಾಗ ಒಮ್ಮಿನೂ ಕುಂತಿಲ್ಲ.”

ನನಗೆ ನಂಬಲಾಗಲಿಲ್ಲ. ಊರೆಲ್ಲ ಹತ್ತಿಳಿದ ಗಾಡಿ, ಮನೆಯೊಡತಿ ಹತ್ತಿಲ್ಲವೆಂದರೆ! ಅಂದು ಈರಪ್ಪ ಎದ್ದು ಹೋದ ಮೇಲೆ ತುಳಸವ್ವನೇ ಕಾರಣ ಹೇಳಿದಳು. ಇಬ್ಬರೂ ರಾಮದುರ್ಗದ ನೇಕಾರರ ಮಕ್ಕಳು. ಈರಪ್ಪ ಅವಳ ತಂದೆ ರಾಚಪ್ಪನ ಮಗ್ಗದಲ್ಲೇ ಕೆಲಸ ಕಲಿತವನು. ಕೈ ಚೆನ್ನಾಗಿದೆ ಎಂದೇ ಮಗಳನ್ನು ಕೊಟ್ಟಿದ್ದರು. ಮದುವೆಯಾದ ಎರಡು ವರ್ಷಕ್ಕೆ ಅವನು, ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವುದು ನನ್ನಿಂದಾಗದು ಎಂದು ಮುಂಬೈಗೆ ಹೊರಟ. ಮಗ್ಗ ಬಿಟ್ಟವನು ನನ್ನ ಹೊಸ್ತಿಲು ತುಳಿಯಬಾರದು, ಮಗಳು ಬೇಕಾದರೆ ಬರಲಿ ಎಂದಿದ್ದ ರಾಚಪ್ಪ. ಅವನಿಲ್ಲದೆ ನಾನೂ ಬರುವುದಿಲ್ಲ ಎಂದಿದ್ದಳು ಮಗಳು. ಹತ್ತು ವರ್ಷ ಕಳೆದಿತ್ತು. ಬೈಲಹೊಂಗಲಕ್ಕೆ ಬಂದು ನೆಲೆಸಿದ ಮೇಲೆ, ಸವದತ್ತಿಯ ಸಂತೆಗೆ ತಾಯಿ ಬಂದರೆ ಇವಳೂ ಬಸ್ಸಿನಲ್ಲಿ ಹೋಗಿ, ಒಂದು ತಾಸು ಇಬ್ಬರೂ ಬಳೆ ಅಂಗಡಿಯ ನೆರಳಲ್ಲಿ ಕೂತು ಮಾತಾಡಿ ಬರುತ್ತಿದ್ದರು. ಗಾಡಿ ಬಂದ ದಿನ ಈಕೆ ಗಂಡನಿಗೆ ಹೇಳಿದ್ದಳಂತೆ, ಇದು ನನ್ನ ತವರಿನ ಅಂಗಳಕ್ಕೆ ಹೋಗುವ ದಿನವೇ ನಾನು ಹತ್ತುತ್ತೇನೆ ಎಂದು.

ಆ ಕೊನೆಯ ಜಾಗವನ್ನು ಖಾಲಿ ಬಿಟ್ಟೆವು. ಒಂದು ವಾರ ಈರಪ್ಪ ಪುಸ್ತಕದ ಮಗ್ಗದ ಚಿತ್ರ ನೋಡುತ್ತ ತಿರುಗಿದ. ಆಮೇಲೆ ನನ್ನ ಬಳಿ ಬಂದು, ಬರುವ ರವಿವಾರ ರಾಮದುರ್ಗಕ್ಕೆ ಹೋಗೋಣ, ನೀವು ಬಂದು ಈ ಪುಸ್ತಕ ಮಾವನಿಗೆ ಓದಿ ಹೇಳಬೇಕು ಎಂದ. ಕಾರು ಮಾಡಿದವರೂ ಮಗ್ಗದವರೇ ಎಂದು ತಿಳಿದರೆ ಮುದುಕನ ಸಿಟ್ಟು ಇಳಿದೀತು ಎಂಬ ಆಸೆ. ನನಗೂ ಹಾಗೇ ಅನ್ನಿಸಿತು. ಓದಿದವರ ಭ್ರಮೆ, ಅಚ್ಚಾದದ್ದನ್ನು ತೋರಿಸಿದರೆ ಜಗಳ ಮುಗಿಯುತ್ತದೆ ಎಂದುಕೊಳ್ಳುತ್ತೇವೆ.

ರವಿವಾರ ತುಳಸವ್ವ ಹಸಿರು ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಕಿಡಕಿ ಪೂರ್ತಿ ಇಳಿಸಿ, ಮುಖವನ್ನು ಗಾಳಿಗೆ ಒಡ್ಡಿ, ರಾಮದುರ್ಗ ಬರುವ ತನಕ ಒಂದು ಮಾತೂ ಆಡಲಿಲ್ಲ. ಮನಸ್ಸು ತುಂಬಿ ಬಂದಿದೆ ಎಂದು ನಾನು ಹಿಂದೆ ಕೂತು ಅಂದುಕೊಂಡೆ. ಈರಪ್ಪ ಆಗಾಗ ಹೆಂಡತಿಯ ಕಡೆ ನೋಡಿ, ಯಾವ ಕುಣಿಯೂ ಇಲ್ಲದ ಕಡೆಯಲ್ಲೂ ಗಾಡಿ ನಿಧಾನ ಮಾಡುತ್ತಿದ್ದ.

ನೇಕಾರರ ಓಣಿಯಲ್ಲಿ ಮನೆ ಮನೆಯಿಂದ ಮಗ್ಗದ ಲಾಳಿಯ ಸದ್ದು. ಈರಪ್ಪ ಅಂಗಳದ ಹೊರಗೇ, ಬಿಸಿಲಲ್ಲಿ, ಗಾಡಿ ನಿಲ್ಲಿಸಿ ಇಳಿದು ನಿಂತ. ತಾಯಿ ಓಡಿಬಂದು ಮಗಳನ್ನು ತಬ್ಬಿದಳು. ತುಳಸವ್ವ ಅಂಗಳದವರೆಗೆ ಬಂದಳು, ಹೊಸ್ತಿಲು ದಾಟಲಿಲ್ಲ. ಬಾಗಿಲು ದಾಟಿ ಒಳಗೆ ಹೋದವಳು ನಾನೊಬ್ಬಳೇ, ಕೈಯಲ್ಲಿ ಜಪಾನಿನ ಪುಸ್ತಕ ಹಿಡಿದು.

ರಾಚಪ್ಪ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದ. ತೆಳ್ಳಗಿನ ಮನುಷ್ಯ. ನಾನು ಯಾರೆಂದು ಹೇಳಿ, ಪುಸ್ತಕ ಬಿಚ್ಚಿ ಓದತೊಡಗಿದೆ. ಅವನು ಕೈ ನಿಲ್ಲಿಸಲಿಲ್ಲ. ಎಳೆ ಹರಿದರೆ ನಿಲ್ಲುವ ಮಗ್ಗದ ಮಾತು ಬಂದಾಗ ಮಾತ್ರ ಲಾಳಿ ನಿಂತಿತು. ಅದು ಹೇಗೆ ಗೊತ್ತಾಗುತ್ತದೆ ಅದಕ್ಕೆ ಎಂದು ಕೇಳಿದ. ನನಗೆ ತಿಳಿದಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಮುಂದೆ ಓದು ಎಂದು ಕೈ ಮಾಡಿದ. ಮಗ್ಗ ಮಾಡಿದವನ ಮಗ ಕಾರು ಮಾಡಿದ ಎಂದು ನಾನು ವಿಜಯದ ದನಿಯಲ್ಲಿ ಮುಗಿಸಿದೆ.

“ಹಂಗಂದ್ರ ಅಲ್ಲೂ ಒಬ್ಬಾಂವ ಮಗ್ಗ ಬಿಟ್ಟ ಹೋದನಲ್ಲ” ಎಂದ ರಾಚಪ್ಪ. ಮತ್ತೆ ಲಾಳಿ ಹೊಡೆಯತೊಡಗಿದ.

ನನ್ನ ಪುಸ್ತಕ ಮುಚ್ಚಿಹೋಯಿತು. ಹೊರಗೆ ಈರಪ್ಪನಿಗೂ ಕೇಳಿಸಿತ್ತು. ಅವನು ಗಾಡಿಯ ಬಾಗಿಲಿಗೆ ಕೈಹಾಕಿ, ಹೋಗೋಣವೇ ಎನ್ನುವಂತೆ ಹೆಂಡತಿಯನ್ನು ನೋಡಿದ. ತುಳಸವ್ವ ಹೊಸ್ತಿಲ ಹೊರಗೆ ನಿಂತೇ ಒಳಗೆ ಕೇಳುವಂತೆ ಹೇಳಿದಳು. ದನಿ ಏರಿಸಲಿಲ್ಲ.

“ಅಪ್ಪಾ, ಅಂವ ಮಗ್ಗ ಬಿಟ್ಟಾನ. ನನ್ನ ಬಿಟ್ಟಿಲ್ಲ.”

ಲಾಳಿ ಎರಡು ಸಲ ಆಚೆ ಈಚೆ ಓಡಿ ನಿಂತಿತು. ರಾಚಪ್ಪ ಕುಣಿಯಿಂದ ಎದ್ದ. ಮೊಳಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಮಗಳನ್ನು ದಾಟಿ, ಅಳಿಯನನ್ನು ನೋಡದೆ ನೇರ ಗಾಡಿಯ ಬಳಿ ಹೋದ. ಏನು ಮಾಡುತ್ತಾನೋ ಎಂದು ನಾನೂ ಹಿಂದೆಯೇ ಹೊರಗೆ ಬಂದೆ. ಅವನು ತೆರೆದ ಕಿಡಕಿಯೊಳಗೆ ಕೈ ಚಾಚಿ ಸೀಟಿನ ಬಟ್ಟೆ ಮುಟ್ಟಿ ನೋಡಿದ. ನೇಕಾರನಿಗೆ ಯಾವ ಬಟ್ಟೆ ಕಂಡರೂ ಬೆರಳು ಸುಮ್ಮನಿರುವುದಿಲ್ಲವಷ್ಟೆ. ಸವರುತ್ತ ಹೋದ ಬೆರಳು ಒಂದು ಕಡೆ ನಿಂತಿತು. ಹಿಂದೊಮ್ಮೆ ಆ ಬಟ್ಟೆ ಗೇಣುದ್ದ ಹರಿದಿತ್ತಂತೆ. ಹೊಲಿಗೆ ಹಾಕದೆ ಎಳೆಗೆ ಎಳೆ ಕೂಡಿಸಿ ಯಾರೋ ಸರಿ ಮಾಡಿದ್ದರು. ಎಷ್ಟೋ ಸಲ ಹತ್ತಿಳಿದ ನನಗೇ ಅದು ಕಂಡಿರಲಿಲ್ಲ.

ಇದನ್ನು ಯಾರು ಕೂಡಿಸಿದ್ದು ಎಂದು ರಾಚಪ್ಪ ಯಾರನ್ನೂ ನೋಡದೆ ಕೇಳಿದ. ನಾನೇ ಎಂದ ಈರಪ್ಪ. ಮುದುಕ ಉಗುರಿನಿಂದ ಎಳೆ ಎಬ್ಬಿಸಿ ನೋಡಿದ, ಎದ್ದು ಬರಲಿಲ್ಲ.

“ಗಾಡಿ ಬಿಸಲಾಗ ಯಾಕ ನಿಲ್ಲಿಸಿದಿ? ಅಂಗಳದಾಗ ತಗೊಂಬಾ” ಎಂದ ಕೊನೆಗೆ. ಹೆಂಡತಿಗೆ, ಇವರ ಕಾಲಿಗೆ ನೀರು ಕೊಡು ಎಂದು ಹೇಳಿ ಒಳಗೆ ಹೋದ.

ಈರಪ್ಪ ಆ ಮೂವತ್ತು ಅಡಿ ಗಾಡಿ ತರಲು ಎರಡು ಸಲ ಇಂಜಿನ್ ಬಂದ್ ಮಾಡಿಕೊಂಡ. ಎಂಟು ವರ್ಷ ಮುಂಬೈಯಲ್ಲಿ ಓಡಿಸಿದವನು! ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಇತ್ತು. ರೊಟ್ಟಿಯ ಬುಟ್ಟಿಯನ್ನು ಮುದುಕ ತಾನೇ ಅಳಿಯನ ಕಡೆ ಸರಿಸಿದ.

ಮರುದಿನ ಕಟ್ಟೆಯ ಮೇಲೆ ಕೂತು ಹಾಳೆಯ ಕೊನೆಯ ಜಾಗ ತುಂಬಿದೆವು. ತುಳಸವ್ವ ಯೋಚಿಸಿ, ‘ಮನ್ಯಾಗ ಕುಂತಂಗ ಆಗತೈತಿ’ ಎಂದು ಬರೆಸಿದಳು. ಈರಪ್ಪನ ಮುಖ ನೋಡಬೇಕಿತ್ತು ನೀವು. ಆಮೇಲೆ ಅವರು ತಿಂಗಳಿಗೊಮ್ಮೆ ರಾಮದುರ್ಗಕ್ಕೆ ಹೋಗುತ್ತಿದ್ದರು. ನನಗೆ ವರ್ಗವಾಯಿತು, ಊರು ಬಿಟ್ಟೆ. ಕಾರು ಇನ್ನೂ ಬಹಳ ವರ್ಷ ಓಡಿತೆಂದು ಕೇಳಿದೆ. ಈರಪ್ಪ ತೀರಿಕೊಂಡ ಸುದ್ದಿಯೂ ಯಾರಿಂದಲೋ ಬಂತು.

ಇಷ್ಟನ್ನೂ ಅಂದು ದಾರಿಯಲ್ಲಿ ಹೇಳಿದ್ದಕ್ಕೆ ತಂಗಿಯ ಮಗಳು ಸುಮ್ಮನಿರಲಿಲ್ಲ. ವಿಚಾರಿಸಿ, ತುಳಸವ್ವ ರಾಮದುರ್ಗದಲ್ಲಿ ತಮ್ಮನ ಮನೆಯವರೊಡನೆ ಇದ್ದಾಳೆಂದು ಪತ್ತೆ ಮಾಡಿ, ಕಳೆದ ವಾರ ನನ್ನನ್ನು ಕರೆದುಕೊಂಡೇ ಹೋದಳು. ಈಗ ಆ ಮನೆಯಲ್ಲಿ ವಿದ್ಯುತ್ ಮಗ್ಗಗಳು. ಅವುಗಳ ಸದ್ದಿಗೆ, ಮಾತಾಡಲು ಹಿತ್ತಿಲಿಗೆ ಹೋಗಬೇಕಾಯಿತು. ತುಳಸವ್ವನಿಗೆ ನನ್ನ ಗುರುತು ದನಿಯಿಂದ ಸಿಕ್ಕಿತು. ಹಳೆಯದೆಲ್ಲ ಎತ್ತಿ ನಕ್ಕೆವು. ಜಪಾನಿನವರಿಗೆ ನೀವು ಬರೆಸಿದ ಮಾತು ಈಗಲೂ ನೆನಪಿದೆ ಎಂದೆ. ಆಕೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕೈ ಹಿಡಿದಳು.

“ಅಕ್ಕೋರ, ಅಂವ ಇಲ್ಲ, ಈಗ ಹೇಳಾಕ ಏನೈತಿ. ಆ ಗಾಡ್ಯಾಗ ಕುಂತ್ರ ನನಗ ಹೊಟ್ಟಿ ತೊಳಸತಿತ್ತು. ಮೊದಲನೇ ದಿನ ರಾಮದುರ್ಗದ ತನಕ ಬಾಯಿ ಬಿಗಿಹಿಡಕೊಂಡ ಕುಂತಿದ್ದೆ.”

ಹೇಳಬಾರದಿತ್ತೇ ಎಂದೆ. ಹೇಳಿದ್ದರೆ ಅವನು ಆ ಗಾಡಿಯನ್ನೇ ಮಾರಿಬಿಡುತ್ತಿದ್ದ ಎಂದಳು. ಅಷ್ಟು ವರ್ಷ, ತಿಂಗಳಿಗೊಮ್ಮೆ, ಕಿಡಕಿ ಇಳಿಸಿಕೊಂಡು ಆಕೆ ಹಾಗೆಯೇ ಹೋಗಿಬಂದಿದ್ದಳು. ಅಂದು ಹಿಂದಿನ ಸೀಟಿನಲ್ಲಿ ಕೂತು ಮನಸ್ಸು ತುಂಬಿದೆ ಎಂದುಕೊಂಡ ನನ್ನ ಜಾಣತನಕ್ಕೆ ಏನು ಹೇಳಲಿ? ಆದರೂ ಆ ಮುಖದಲ್ಲಿ ನಾನು ಓದಿದ್ದು ಪೂರ್ತಿ ತಪ್ಪೂ ಅಲ್ಲವೇನೋ.

ಸಂಜೆ ತಂಗಿಯ ಮಗಳು, ಬನ್ನಿ ಅಜ್ಜಿ, ಮಲಪ್ರಭೆಯ ದಂಡೆಯವರೆಗೆ ಒಂದು ಸುತ್ತು ಹಾಕೋಣ ಎಂದು ಕಾರಿನ ಬಾಗಿಲು ತೆರೆದು ಹಿಡಿದಳು. ತುಳಸವ್ವ ಅದರ ಮೈ ಸವರಿ, ಚಲೋ ಐತಿ ಎಂದು ಹೊಗಳಿ, ಚಪ್ಪಲಿ ಮೆಟ್ಟಿಕೊಂಡಳು.

“ನೀ ಮುಂದ ಹೋಗವಾ. ನಾವು ನಡಕೋತ ಬರತೇವಿ.”

ಮೊಳಕಾಲು ನೋವಿದ್ದರೂ ನಾನು ಬಾಯಿ ಬಿಡಲಿಲ್ಲ. ಕಾರು ಮುಂದೆ ಹೋಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಅಲ್ಲಲ್ಲಿ ನಿಲ್ಲುತ್ತ, ಹೊಳೆಯ ಕಡೆಗೆ ನಡೆದೆವು.