ಒಂದನೇ ನಂಬರಿನ ಸಂಪರ್ಕ

ನಮ್ಮ ಸೊಸೆ ರಬಕವಿಯ ಸೀರೆ ವ್ಯಾಪಾರಿಯೊಬ್ಬರಿಗೆ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದಳು. ಅಂಗಡಿಯಲ್ಲಿ ಕುಳಿತು ಗುಂಡಿ ಒತ್ತಿದರೆ, ಗೋದಾಮಿನಲ್ಲಿ ಯಾವ ಸೀರೆ ಎಷ್ಟಿದೆ ಎಂದು ದೂರದ ಸರ್ವರ್ ಉತ್ತರ ಕೊಡಬೇಕು. ಸಾಮಾನ್ಯವಾಗಿ ಕೊಡುತ್ತಿತ್ತು. ಕೆಲವೊಮ್ಮೆ ಸುಮ್ಮನೆ ನಿಂತು ‘ವಿಫಲ’ ಎನ್ನುತ್ತಿತ್ತು. ಗುರುವಾರದೊಳಗೆ ಸರಿಹೋಗದಿದ್ದರೆ ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ ಎಂದು ವ್ಯಾಪಾರಿ ಹೇಳಿಬಿಟ್ಟಿದ್ದರು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು.

ನಾನು ಜಮಖಂಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಪರೀಕ್ಷೆ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಗಡಿಯಾರ ನೋಡಿಕೊಂಡು ನಿಮಿಷಕ್ಕೊಮ್ಮೆ ಗುಂಡಿ ಒತ್ತಿದೆ. ಒಂದು ಸಲವೂ ತಪ್ಪಲಿಲ್ಲ.

“ನಿಮ್ಮ ಕೈಯಾಗ ಕೆಡಂಗಿಲ್ಲ ನೋಡ್ರಿ ಮಾವಾರ. ನಿಮಗ ಅಂಜತೈತಿ,” ಎಂದಳು ಸೊಸೆ.

“ಕೆಟ್ಟದ್ದು ಯಾವ ಗಾಡ್ಯಾಗ ಹೋಗಿತ್ತು, ಅದನ್ನ ಹೇಳು ಮೊದಲ,” ಎಂದೆ.

ಗುಂಡಿ ಒತ್ತಿದಾಗ ಹೋಗುವ ಪ್ರತಿ ಕೋರಿಕೆಗೂ ಸರ್ವರ್‌ವರೆಗೆ ಹೊಸ ಸಂಪರ್ಕ ತೆರೆದರೆ ತಡವಾಗುತ್ತದೆ. ಹಾಗಾಗಿ ಪ್ರೋಗ್ರಾಮ್ ಒಮ್ಮೆ ತೆರೆದದ್ದನ್ನು ಮುಚ್ಚದೆ ಇಟ್ಟುಕೊಂಡು, ಮುಂದಿನ ಕೋರಿಕೆಯನ್ನೂ ಅದರಲ್ಲೇ ಕಳಿಸುತ್ತದೆ ಎಂದು ವಿವರಿಸಿದಳು. ಯಾವುದರಲ್ಲಿ ಕಳಿಸಿತು ಎಂಬುದನ್ನು ಮಾತ್ರ ಎಲ್ಲೂ ತೋರಿಸುತ್ತಿರಲಿಲ್ಲ. ನಂಬರು ಬರೆದುಕೊಳ್ಳದೆ ಬಸ್ಸು ಬಿಟ್ಟವನಲ್ಲ ನಾನು. ಕೊನೆಗೆ ಅವಳು ಪ್ರತಿ ಸಂಪರ್ಕಕ್ಕೂ ಒಂದು ನಂಬರು ಕೊಟ್ಟಳು. ಕೋರಿಕೆ ಹೋದಾಗಲೆಲ್ಲ ಆ ನಂಬರು, ಅದು ಹೊಸದೋ ಹಳೆಯದೋ ಎಂಬುದು ತೆರೆಯ ಮೇಲೆ ಮೂಡತೊಡಗಿತು.

ಮತ್ತೆ ನಿಮಿಷಕ್ಕೊಮ್ಮೆ ಒತ್ತಿದೆ. ಒಂದನೇ ನಂಬರು, ಹೊಸದು, ಸರಿ. ಒಂದನೇ ನಂಬರು, ಹಳೆಯದು, ಸರಿ. ಒಂದನೇ ನಂಬರು, ಹಳೆಯದು, ಸರಿ.

ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. “ಗಂಟಿ ಹೊಡದಿದ್ದು ಸಾಕು. ರೊಟ್ಟಿ ಆರಾಕತ್ತಾವು, ಏಳ್ರಿ.”

ಉಂಡು, ಕೈತೊಳೆದು ಬಂದು ಒತ್ತಿದೆ. ಅದೇ ಒಂದನೇ ನಂಬರು, ವಿಫಲ. ಇನ್ನೊಮ್ಮೆ ಒತ್ತಿದೆ. ಎರಡನೇ ನಂಬರು, ಹೊಸದು, ಸರಿ.

ಸೊಸೆ ಕುರ್ಚಿ ಎಳೆದುಕೊಂಡು ಕುಳಿತಳು. “ನೀವು ಊಟಕ್ಕ ಎದ್ದಿದ್ದ ಛಲೋ ಆತ್ರಿ. ಸಂಪರ್ಕ ಭಾಳ ಹೊತ್ತು ಖಾಲಿ ಇತ್ತಂತ ಸರ್ವರ್ ಕಡೆಯವರು ಮುಚ್ಚ್ಯಾರ, ನಮಗ ಹೇಳಿಲ್ಲ. ನಮ್ಮ ಪ್ರೋಗ್ರಾಮ್ ಅದರಾಗ ಕಳಿಸಿ ದಾರಿ ಕಾಯಾಕತ್ತೇತಿ.”

ನಿಮಿಷಕ್ಕೊಮ್ಮೆ ಒತ್ತುವ ನನ್ನ ಶಿಸ್ತಿನಿಂದ ಆ ಸಂಪರ್ಕ ಖಾಲಿ ಕೂರಲು ಅವಕಾಶವೇ ಇರಲಿಲ್ಲ. ಅಂಗಡಿಯಲ್ಲಾದರೆ ಗಿರಾಕಿ ಕೇಳಿದಾಗಷ್ಟೇ ಒತ್ತುತ್ತಾರೆ. ಕೆಲಹೊತ್ತು ಖಾಲಿಯಿದ್ದ ಸಂಪರ್ಕವನ್ನು ಪ್ರೋಗ್ರಾಮ್ ತಾನೇ ಕೈಬಿಟ್ಟು ಹೊಸದು ತೆರೆಯುವಂತೆ ಅವಳು ತಿದ್ದಿದಳು.

ಗುರುವಾರ ಇಬ್ಬರೂ ರಬಕವಿಗೆ ಹೋದೆವು. ವ್ಯಾಪಾರಿ ಒತ್ತಿದರು, ಉತ್ತರ ಬಂತು.

“ಇನ್ನ ಸ್ವಲ್ಪ ಹೊತ್ತು ಅದನ್ನ ಮುಟ್ಟಬ್ಯಾಡ್ರಿ, ಖಾಲಿ ಇರ್ಲಿ. ಚಾ ತರಸ್ರಿ,” ಎಂದಳು ಸೊಸೆ.

ವ್ಯಾಪಾರಿ ನಕ್ಕು ಚಹಾ ತರಿಸಿದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಗಾದಿಯ ತುಂಬ ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದುಹೋದರು. ಸೀರೆ ಮಡಚಿಡುವ ತನಕ ಸೊಸೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆಮೇಲೆ ವ್ಯಾಪಾರಿ ಮತ್ತೆ ಒತ್ತಿದರು. ಸೀರೆಗಳ ಲೆಕ್ಕ ಒಂದೊಂದೇ ಸಾಲಾಗಿ ಬಂತು.

ಅವರು ಕನ್ನಡಕ ತೆಗೆದರು. “ತೇರದಾಳದಾಗೂ ನಮ್ಮ ಅಂಗಡಿ ಐತವಾ. ಅಲ್ಲಿ ಯಾವಾಗ ಹಾಕ್ತಿ?”

“ನಾಳಿ ಮುಂಜಾನಿ ಬರ್ತೇನ್ರಿ,” ಎಂದಳು.