ಕೆಟ್ಟ ಯಂತ್ರಕ್ಕೊಂದು ತಣ್ಣನೆಯ ಕೋಣೆ

ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ರೋಗಿಗಳ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಬಟ್ಟೆ ಅರೆ ಒದ್ದೆಯಾಗಿಯೇ ಬರುತ್ತಿತ್ತು. ಬಿಸಿ ತಾಗಿದ್ದೇ ತಡ, ಬ್ಲೀಚಿನ ಘಾಟು ಹಬೆಯ ಜೊತೆ ಎದ್ದು ಮೂಗಿಗೆ ನುಗ್ಗುತ್ತಿತ್ತು. ಗೋಡೆಯ ತುಂಬ ಬೂಷ್ಟು. ಮೇಲೆ ರೋಗಿಗಳು ಗುಣವಾಗುತ್ತಿದ್ದರು, ಕೆಳಗೆ ಅಕ್ಕ ಕೆಮ್ಮುತ್ತಿದ್ದಳು. ಆಸ್ಪತ್ರೆಯ ಲೆಕ್ಕ ಸರಿಯಾಗಿಯೇ ಇತ್ತು ಬಿಡಿ.

ಉಬ್ಬಸ ಹೆಚ್ಚಾಗಿ, ಗೋಡೆಗೊರಗಿ ಕೂತೇ ನಿದ್ದೆ ಮಾಡುವ ಸ್ಥಿತಿ ಬಂದಾಗ ಅವಳು ಮೇಲಿನ ಮಹಡಿಯ ಡಾಕ್ಟರಮ್ಮನಿಗೆ ತೋರಿಸಿದಳು.

"ಮನೇಲಿ ಧೂಳು ಜಾಸ್ತಿನಾ? ಕಿಟಕಿ ತೆಗೆದಿಡಿ," ಎಂದರು ಡಾಕ್ಟರಮ್ಮ.

"ನಾನು ದಿನಾ ಇರೋದು ಇಲ್ಲೇ ಕೆಳಗೆ, ಡಾಕ್ಟ್ರಮ್ಮ."

"ಹಾಗಾದ್ರೆ ಕೆಲಸ ಬಿಡಬೇಕಾಗುತ್ತೆ. ಇಲ್ಲಾಂದ್ರೆ ಶ್ವಾಸಕೋಶ ಕೈಕೊಡುತ್ತೆ."

ಗಂಡನೂ "ಬಿಟ್ಟುಬಿಡೇ" ಎಂದ. ಅಕ್ಕ ಒಪ್ಪಲಿಲ್ಲ. ಇಸ್ತ್ರಿ ಬಿಟ್ಟ ಮೇಲೆ ಜನ ಅವಳನ್ನು ಏನೆಂದು ಕರೆಯಬೇಕು?

ಗಾಳಿಗೊಂದು ದಾರಿ ಮಾಡಿಕೊಡಿ ಎಂದು ಅವಳು ದೊಡ್ಡ ಸಾಹೇಬರನ್ನು ಕೇಳದ ದಿನವಿರಲಿಲ್ಲ. ಹೊಸದಾಗಿ ಬಂದಿದ್ದ ಆ ಅಧಿಕಾರಿ ಬಹಳ ಒಳ್ಳೆಯವರು, ಪ್ರತಿ ಸಲವೂ ನಗುನಗುತ್ತಲೇ "ನೋಡೋಣ" ಎನ್ನುತ್ತಿದ್ದರು.

ಕೊನೆಗೆ ದಾರಿ ತೋರಿಸಿದವನು ಆಸ್ಪತ್ರೆಯ ಎಲೆಕ್ಟ್ರಿಷಿಯನ್. "ಅಕ್ಕಾ, ಇಲ್ಲಿ ಮನುಷ್ಯರಿಗೆ ಸೆಕೆಯಾದ್ರೆ ಯಾರೂ ಏಳಲ್ಲ. ಯಂತ್ರಕ್ಕೆ ಸೆಕೆಯಾದ್ರೆ ಎದ್ದುಬಿದ್ದು ಓಡಿ ಬರ್ತಾರೆ. ಮೇಲಿನ ಪಡಸಾಲೆಯಲ್ಲಿ ಗುಜರಿಗೆ ಕಾಯ್ತಾ ಇದೆಯಲ್ಲ, ಆ ಕೆಟ್ಟ ಸ್ಕ್ಯಾನಿಂಗ್ ಯಂತ್ರ, ಅದನ್ನ ಇಲ್ಲಿಗೆ ತಂದಿಡೋಣ."

ಇಬ್ಬರೂ ಅದನ್ನು ಲಿಫ್ಟಿನಲ್ಲಿ ಇಳಿಸಿದರು. ಓಡುತ್ತಿರುವಂತೆ ಕಾಣಲಿ ಎಂದು ಅವನು ಅದಕ್ಕೊಂದು ಕೆಂಪು ದೀಪ ಸಿಕ್ಕಿಸಿದ. ಅಕ್ಕ ಗರಿಗರಿಯಾಗಿ ಇಸ್ತ್ರಿ ಮಾಡಿದ ಹೊದಿಕೆ ಹೊದಿಸಿದಳು.

ಸಾಹೇಬರು ಬಂದರು, ಕೆಂಪು ದೀಪ ನೋಡಿದರು, ಬೆವರಿದರು. "ಅಯ್ಯೋ, ಇಂಥಾ ಕಡೆ ಯಂತ್ರ ಇಡೋದಾ! ಹಾಳಾಗಿ ಹೋಗುತ್ತಲ್ರೀ!"

ಆ ವಾರವೇ ಏಸಿ ಬಂತು. ಅಕ್ಕನಿಗೆ ಖುಷಿಯೋ ಖುಷಿ. ಆದರೆ ಮುಂದಿನ ಸಲ ಬಂದ ಸಾಹೇಬರು ಮೂಗು ಮುಚ್ಚಿಕೊಂಡರು. "ಈ ಹಬೆ, ಈ ಘಾಟು ಯಂತ್ರಕ್ಕೆ ಆಗಿಬರಲ್ಲ. ಇಸ್ತ್ರಿ ಮೇಜನ್ನ ಮೇಲಿನ ಪಡಸಾಲೆಗೆ ಹಾಕಿ."

ತಾನೇ ಕೈಯಾರೆ ತಂದಿಟ್ಟ ಯಂತ್ರ ತನ್ನನ್ನೇ ಹೊರಗೆ ತಳ್ಳಿತಲ್ಲ ಎಂದು ಅಕ್ಕ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಮಾನದಿಂದ ಎಲೆಕ್ಟ್ರಿಷಿಯನ್ನನ ಜೊತೆ ಮಾತೂ ಬಿಟ್ಟಳು.

ಪಡಸಾಲೆಯಲ್ಲಿ ಎರಡು ದೊಡ್ಡ ಕಿಟಕಿಗಳಿದ್ದವು. ಬಟ್ಟೆಯಿಂದೆದ್ದ ಹಬೆ ನೆಟ್ಟಗೆ ಹೊರಗೆ ಹೋಗುತ್ತಿತ್ತು, ಮರದ ಗಾಳಿ ಒಳಗೆ ಬರುತ್ತಿತ್ತು. ಮೊದಲು ಕೆಮ್ಮು ಕಡಿಮೆಯಾಯಿತು, ಆಮೇಲೆ ಉಬ್ಬಸ. ಒಂದು ದಿನ ಎಚ್ಚರವಾದಾಗ ಅವಳು ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಅವತ್ತೇ ಹೋಗಿ ಎಲೆಕ್ಟ್ರಿಷಿಯನ್ನನಿಗೆ ಚಹಾ ಕೊಡಿಸಿದಳು.

ಯಂತ್ರದ ಧೂಳು ಒರೆಸುವ ಕೆಲಸ ಮಾತ್ರ ಅವಳಿಗೇ ಉಳಿಯಿತು. ಒಂದು ಬೆಳಿಗ್ಗೆ ಅವಳು ತಣ್ಣನೆಯ ಕೋಣೆಯಲ್ಲಿ ಅದನ್ನು ಒರೆಸುತ್ತಿದ್ದಾಗ ಸಾಹೇಬರು ಬಂದು ಕೆಂಪು ದೀಪವನ್ನು ಹೆಮ್ಮೆಯಿಂದ ನೋಡಿದರು.

"ನೋಡಿದ್ಯೇನಮ್ಮಾ? ಒಳ್ಳೆ ಗಾಳಿ ಇದ್ರೆ ಆರೋಗ್ಯ ಎಷ್ಟು ಚೆನ್ನಾಗಿರುತ್ತೆ!"

"ಹೌದು ಸಾರ್," ಎಂದಳು ಅಕ್ಕ, ಯಂತ್ರದ ಬೆನ್ನು ಸವರುತ್ತ. "ಇದು ಒಂದು ಸಲಾನೂ ಕೆಮ್ಮಿಲ್ಲ."